ಹಡಗು ಇಲ್ಯೇಉಸ್‌ನಲ್ಲಿ ನಿಂತರೆ ತೋಟಕ್ಕೆ ಹೋಗಿ

ಕೇಳುಗರೇ, ನಮಸ್ಕಾರ.

ಹೊರದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಹಡಗಿನ ಪ್ರವಾಸಕ್ಕೆ ಕರೆದೊಯ್ಯುವುದು ಈಗ ಅಪರೂಪವಲ್ಲ. ಹಾಗೆ ಬ್ರೆಜಿಲ್ ಕಡೆಗೆ ಹೊರಟವರಿಗೆ ನನ್ನದು ಒಂದೇ ಮಾತು. ಬಾಯಿಯಾ ರಾಜ್ಯದ ಇಲ್ಯೇಉಸ್ ಬಂದರಿನಲ್ಲಿ ಹಡಗು ನಿಂತರೆ, ಕೊಕ್ಕೋ ತೋಟಕ್ಕೆ ಹೋಗಿ.

ರಿಯೊದ ಗದ್ದಲ ಇಲ್ಲಿಲ್ಲ. ಇಳಿದವರಲ್ಲಿ ಹೆಚ್ಚಿನವರು ಸೀದಾ ಸಮುದ್ರ ತೀರಕ್ಕೆ ನಡೆಯುತ್ತಾರೆ. ಹಡಗಿನಿಂದ ದಿನವೂ ನೋಡಿದ್ದು ಸಮುದ್ರವನ್ನೇ ಅಲ್ವಾ! ಇಳಿದ ಮೇಲೂ ಅದೇ ಯಾಕೆ? ಸಂತ ಸೆಬಾಸ್ಟಿಯನ್ನರ ದೊಡ್ಡ ಚರ್ಚು ಚೆನ್ನಾಗಿದೆ, ಒಂದು ಸುತ್ತು ಹಾಕಿ. ಆಮೇಲೆ ವಾಹನ ಹತ್ತಿ.

ಕೊಕ್ಕೋ ಬೆಳೆಯ ಕೆಲಸದಲ್ಲೇ ಬದುಕು ಕಳೆದವನು ನಾನು. ಆದರೂ ಅಲ್ಲಿನ ತೋಟದೊಳಗೆ ಕಾಲಿಟ್ಟಾಗ ಮಾತು ಹೊರಡಲಿಲ್ಲ. ನಮ್ಮ ಪುತ್ತೂರು, ಸುಳ್ಯದ ಕಡೆ ಅಡಿಕೆಯ ನೆರಳಿನಲ್ಲಿ ಕೊಕ್ಕೋ ಇರುತ್ತದೆ. ಅಲ್ಲಿ ಕಾಡಿನ ಹೆಮ್ಮರಗಳನ್ನು ಹಾಗೇ ಬಿಟ್ಟು, ಕೆಳಗಿನ ಪೊದೆ ಸವರಿ ಕೊಕ್ಕೋ ನೆಟ್ಟಿದ್ದಾರೆ. ಕಬ್ರೂಕ ಅಂತಾರೆ. ತಲೆ ಎತ್ತಿ ನೋಡುತ್ತೇನೆ, ಹಲಸಿನ ಮರ! ಬುಡದಿಂದ ಮೇಲಿನವರೆಗೂ ಕಾಯಿ. ಪಶ್ಚಿಮ ಘಟ್ಟದ ಹಲಸನ್ನು ಅಲ್ಲಿಗೆ ಒಯ್ದವರು ಪೋರ್ಚುಗೀಸರು. ತೋಟದ ಹಿರಿಯರೊಬ್ಬರು ಕಳಿತ ಹಣ್ಣೊಂದನ್ನು ಇಳಿಸಿ ಸೀಳಿದರು. ನಾನು ಕೈಸನ್ನೆಯಲ್ಲೇ ಎಣ್ಣೆ ಕೇಳಿದೆ. ಅಂಗೈಗೆ ಸವರಿಕೊಂಡು ತೊಳೆ ಬಿಡಿಸತೊಡಗಿದ್ದೇ ತಡ, ಅವರು ಜೋರಾಗಿ ನಕ್ಕು ಮನೆಯವರನ್ನೆಲ್ಲ ಕರೆದರು. ಭಾಷೆ ಬರದೆಯೂ ನಾವು ನೆಂಟರಾದೆವು. ಆ ಕಾಡಿನಲ್ಲಿ ಮಾತ್ರ ಇರುವ, ಹೊಂಬಣ್ಣದ ಕೇಸರದ ಪುಟ್ಟ ಟ್ಯಾಮರಿನ್ ಕೋತಿಗಳಿಗೂ ಈ ಹಲಸು ಬಲು ಇಷ್ಟವಂತೆ.

ಕೊಕ್ಕೋ ತಿರುಳಿನಿಂದ ಬಸಿಯುವ ಸಿಹಿ ರಸವನ್ನು ಅಲ್ಲೇ ಕುಡಿಯಿರಿ, ತಡವಾದರೆ ಹುಳಿಯಾಗುತ್ತದೆ. ಬೀಜ ಒಣಗಿಸುವ ಅಟ್ಟಣೆಯನ್ನೂ ನೋಡಿ. ಮಳೆ ಬಂದರೆ ಚಾವಣಿಯನ್ನೇ ಹಳಿಯ ಮೇಲೆ ತಳ್ಳಿ ಮುಚ್ಚುತ್ತಾರೆ. ಅಡಿಕೆ ಅಂಗಳಕ್ಕೆ ಟಾರ್ಪಾಲು ಹಿಡಿದು ಓಡುವ ನಮಗೆ ಆ ಸುಖ ಚೆನ್ನಾಗಿ ಅರ್ಥವಾಗುತ್ತದೆ.

ತೋಟಕ್ಕೇ ಹೋಗಿ ಅಂತ ಇಷ್ಟು ಒತ್ತಿ ಹೇಳಲು ಕಾರಣವಿದೆ. 1989ರಲ್ಲಿ ಆ ಸೀಮೆಗೆ ಮಾಟಗಾತಿ ಪೊರಕೆ ಎಂಬ ಶಿಲೀಂಧ್ರ ರೋಗ ಬಂತು. ಚಿಗುರೆಲ್ಲ ಪೊರಕೆಯ ಹಾಗೆ ಒಣಗಿ ನಿಂತಿತು. ಬೆಳೆ ನೆಲಕಚ್ಚಿತು, ಕೂಲಿಯವರು ಊರು ಬಿಟ್ಟರು. ಕೈ ಬರಿದಾದವರು ನೆರಳಿನ ಮರಗಳನ್ನೂ ಕಡಿದು ಮಾರಿದರು. ಈಗ ಕೆಲವರು ತಾವೇ ಚಾಕೊಲೇಟು ಮಾಡಿ, ತೋಟ ತೋರಿಸಿ, ಮತ್ತೆ ಎದ್ದು ನಿಂತಿದ್ದಾರೆ. ನೀವು ಕೊಡುವ ದುಡ್ಡು ಸೇರಬೇಕಾದ್ದು ಅವರಿಗೆ. ಬಂದರಿನ ಅಂಗಡಿಯ ಟೀ ಶರ್ಟು ಯಾರಿಗೆ ಬೇಕು?

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ತೋಟದವರಿಗೆ ಮೊದಲೇ ತಿಳಿಸಿ. ಹಡಗು ಹೊರಡುವ ಹೊತ್ತಿಗೆ ಸಾಕಷ್ಟು ಮುಂಚೆಯೇ ಬಂದರಿಗೆ ವಾಪಸಾಗಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲಾದರೂ ಹಾಕಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಮರಳಿ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು, 6 ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯ ಹಳದಿ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಲಿ. ನಮಸ್ಕಾರ.