ಬೈಡನ್ ಅವರನ್ನು ಇಳಿಸಿದ್ದು ಪಕ್ಷವಲ್ಲ

ನಮಸ್ಕಾರ. 2024ರ ಜೂನ್ 27, ಅಟ್ಲಾಂಟಾದ ಟಿವಿ ಚರ್ಚೆ ನೆನಪಿದೆಯಾ? ಟ್ರಂಪ್ ಎದುರು ನಿಂತ ಬೈಡನ್ ಮಾತಿನ ಮಧ್ಯೆ ತಡವರಿಸಿದರು. ಏನೋ ಹೇಳಲು ಹೋಗಿ 'ಕೊನೆಗೂ ಮೆಡಿಕೇರ್ ಅನ್ನು ಸೋಲಿಸಿದೆವು' ಅಂದುಬಿಟ್ಟರು! ಮೆಡಿಕೇರ್ ಅಂದರೆ ಅಲ್ಲಿನ ವೃದ್ಧರ ಆರೋಗ್ಯ ವಿಮೆ. ಆ ರಾತ್ರಿಯಿಂದಲೇ ಅವರ ಡೆಮಾಕ್ರಟಿಕ್ ಪಕ್ಷದಲ್ಲಿ ಪ್ರಶ್ನೆ ಶುರುವಾಯಿತು: ಇವರನ್ನು ಬದಲಾಯಿಸುವುದು ಹೇಗೆ?

ನಮ್ಮ ಕಡೆ ಇದೇನು ಮಹಾ ಪ್ರಶ್ನೆ ಅಲ್ಲ. ಹೈಕಮಾಂಡ್ ಮನಸ್ಸು ಮಾಡಿದರೆ ಬಿ ಫಾರಂ ರಾತ್ರೋರಾತ್ರಿ ಬೇರೆಯವರ ಕೈ ಸೇರುತ್ತದೆ. ಅಮೆರಿಕದಲ್ಲಿ ಹಾಗಾಗುವುದಿಲ್ಲ. ಅಲ್ಲಿ ರಾಜ್ಯ ರಾಜ್ಯಗಳಲ್ಲಿ ಪ್ರೈಮರಿ (ಪಕ್ಷದ ಅಭ್ಯರ್ಥಿ ಯಾರೆಂದು ಜನರೇ ಹೇಳುವ ಚುನಾವಣೆ) ನಡೆದು, ಜನರ ಓಟಿನ ಲೆಕ್ಕದ ಮೇಲೆ ಡೆಲಿಗೇಟ್‌ಗಳು ಸಿಗುತ್ತಾರೆ. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಅಂತಿಮವಾಗಿ ಆರಿಸುವ ಪ್ರತಿನಿಧಿಗಳು ಇವರೇ. ಬೈಡನ್ ಬಳಿ ಆಗಲೇ ಸುಮಾರು 3,900 ಡೆಲಿಗೇಟ್‌ಗಳಿದ್ದರು. ಅಭ್ಯರ್ಥಿಯಾಗಲು ಬೇಕಾಗಿದ್ದದ್ದು ಹೆಚ್ಚುಕಮ್ಮಿ ಅದರ ಅರ್ಧ.

ಪಕ್ಷದ ನಿಯಮದಲ್ಲಿ ಒಂದು ಸಣ್ಣ ಕಿಂಡಿ ಇತ್ತು, ನಿಜ. ತಮ್ಮನ್ನು ಆರಿಸಿದವರ ಅಭಿಪ್ರಾಯವನ್ನು ಡೆಲಿಗೇಟ್‌ಗಳು 'ಒಳ್ಳೆಯ ಮನಸ್ಸಾಕ್ಷಿಯಿಂದ' ಪಾಲಿಸಬೇಕು ಅಂತ ಅದು ಹೇಳುತ್ತದೆ. ಅಂದರೆ ಕೈಕಾಲು ಪೂರ್ತಿ ಕಟ್ಟಿಲ್ಲ. ಆದರೆ ಆ ಡೆಲಿಗೇಟ್‌ಗಳೆಲ್ಲ ಬೈಡನ್ ತಂಡವೇ ಒಪ್ಪಿದ ಜನ. ಅವರು ಬಂಡಾಯ ಏಳುತ್ತಾರಾ?

ಹಾಗಾಗಿ ಉಳಿದದ್ದು ಒತ್ತಡ ಒಂದೇ. ಜುಲೈ 2ರಂದು ಟೆಕ್ಸಾಸ್‌ನ ಸಂಸದ ಲಾಯ್ಡ್ ಡಾಗೆಟ್ ಬಹಿರಂಗವಾಗಿ 'ಹಿಂದೆ ಸರಿಯಿರಿ' ಅಂದರು. ಬೈಡನ್ ಜಗ್ಗಲಿಲ್ಲ. ದೇವರೇ ಬಂದು ಹೇಳಿದರೆ ನೋಡೋಣ ಎನ್ನುವ ಧಾಟಿಯಲ್ಲಿ ಟಿವಿ ಸಂದರ್ಶನ ಕೊಟ್ಟರು. ದೇವರು ಬರಲಿಲ್ಲ, ಪಕ್ಷದ ಹಿರಿಯ ನಾಯಕಿ, ಮಾಜಿ ಸ್ಪೀಕರ್ ನ್ಯಾನ್ಸಿ ಪೆಲೋಸಿ ಬಂದರು! ದೇಣಿಗೆ ಕೊಡುವವರು ಕೈ ಹಿಂದೆ ತೆಗೆದರು. ಜುಲೈ 21ಕ್ಕೆ ಬೈಡನ್ ಅವರೇ ಪತ್ರ ಬರೆದು ಹಿಂದೆ ಸರಿದು, ಸ್ವಲ್ಪ ಹೊತ್ತಿನಲ್ಲೇ ಕಮಲಾ ಹ್ಯಾರಿಸ್ ಹೆಸರು ಹೇಳಿದರು. ಪ್ರಚಾರದ ಖಾತೆ ಇಬ್ಬರ ಹೆಸರಲ್ಲೂ ಇದ್ದದ್ದರಿಂದ ದುಡ್ಡಿನ ತಲೆನೋವೂ ಜಾಸ್ತಿ ಇರಲಿಲ್ಲ. ಆಗಸ್ಟ್ ಮೊದಲ ವಾರ ಆನ್‌ಲೈನ್ ಮತದಾನ ನಡೆದು ಹ್ಯಾರಿಸ್ ಅಭ್ಯರ್ಥಿಯಾದರು. ಷಿಕಾಗೊ ಸಮಾವೇಶ ಶುರುವಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನವೆಂಬರ್‌ನಲ್ಲಿ ಹ್ಯಾರಿಸ್ ಸೋತರು. 'ಹ್ಯಾರಿಸ್ ಬದಲು ಬೇರೆ ಯಾರಾದರೂ ಇದ್ದಿದ್ದರೆ' ಎಂಬ ಚರ್ಚೆ ಇನ್ನೂ ಕೇಳಿಸುತ್ತದೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಜುಲೈ ಕೊನೆಯಲ್ಲಿ ಏನು ಮಾಡಿದರೂ ಅದು ತೇಪೆ ಕೆಲಸವೇ.

ಬದಲಾಯಿಸುವ ಕಾಲ ಪ್ರೈಮರಿಯಾಗಿತ್ತು. ಅಲ್ಲಿ ಏನಾಯಿತು ನೋಡಿ. ಬೈಡನ್ ಒಂದೇ ಒಂದು ಪ್ರೈಮರಿ ಚರ್ಚೆಗೂ ನಿಲ್ಲಲಿಲ್ಲ, ಪಕ್ಷ ಏರ್ಪಡಿಸಲೂ ಇಲ್ಲ. ಫ್ಲಾರಿಡಾದಲ್ಲಿ ಪಕ್ಷ ಕಳಿಸಿದ್ದು ಬೈಡನ್ ಒಬ್ಬರದೇ ಹೆಸರು. ಅಲ್ಲಿ ಡೆಮಾಕ್ರಟಿಕ್ ಪ್ರೈಮರಿಯೇ ನಡೆಯಲಿಲ್ಲ. ಮಿನ್ನೆಸೋಟಾದ ಸಂಸದ ಡೀನ್ ಫಿಲಿಪ್ಸ್ 'ಇವರು ಟ್ರಂಪ್ ಎದುರು ಗೆಲ್ಲಲ್ಲ' ಅಂತ ಕಣಕ್ಕಿಳಿದರು. ಸ್ವಂತ ಪಕ್ಷದವರೇ ಅವರನ್ನು ತಮಾಷೆ ಮಾಡಿದರು. ಒಂದು ಚರ್ಚೆ, ಒಂದೇ ಒಂದು, 2024ರ ಜನವರಿಯಲ್ಲಿ ಆಗಿದ್ದಿದ್ದರೆ ಜೂನ್‌ನಲ್ಲಿ ಕಂಡದ್ದು ಆಗಲೇ ಕಾಣುತ್ತಿರಲಿಲ್ಲವಾ?

ಹಾಗಾದರೆ ಹಳೆಯ ಕಾಲದ ಹಾಗೆ ದೊಡ್ಡವರೇ ಕೂತು ಆರಿಸಲಿ ಅನ್ನುವವರೂ ಇದ್ದಾರೆ. ಅದನ್ನು ಮಾಡಿ ನೋಡಿದ್ದಾರೆ. 1968ರ ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ಹಿಂದೆ ಸರಿದರು. ಪ್ರೈಮರಿಗಳಲ್ಲಿ ಸ್ಪರ್ಧಿಸದ ಉಪಾಧ್ಯಕ್ಷ ಹಂಫ್ರಿಗೆ ಷಿಕಾಗೊದಲ್ಲಿ ಟಿಕೆಟ್ ಸಿಕ್ಕಿತು. ಹೊರಗೆ ಬೀದಿಯಲ್ಲಿ ಪ್ರತಿಭಟನಕಾರರ ಮೇಲೆ ಪೊಲೀಸರ ಲಾಠಿ. ನವೆಂಬರ್‌ನಲ್ಲಿ ಎದುರಾಳಿ ಪಕ್ಷದ ನಿಕ್ಸನ್ ಗೆದ್ದರು. ಆ ಸಿಟ್ಟಿನಿಂದಲೇ ಪಕ್ಷ ನಿಯಮ ಬದಲಿಸಿ, ಆಯ್ಕೆಯನ್ನು ಪ್ರೈಮರಿಗಳ ಕೈಗೆ ಕೊಟ್ಟದ್ದು. ಕೊಟ್ಟಮೇಲೆ ಜನರಿಗೆ ನೋಡಲು, ಹೋಲಿಸಲು ಅವಕಾಶವನ್ನೂ ಕೊಡಬೇಕಲ್ವಾ?

ಹಾಲಿ ಅಧ್ಯಕ್ಷರೇ ನಿಂತರೂ ಪ್ರೈಮರಿಯಲ್ಲಿ ಚರ್ಚೆ ಕಡ್ಡಾಯ ಅಂತ ಪಕ್ಷ ನಿಯಮ ಬರೆಯಲಿ. ಈಗ ಶ್ವೇತಭವನದಲ್ಲಿ ಡೆಮಾಕ್ರಟಿಕ್ ಪಕ್ಷದವರು ಯಾರೂ ಇಲ್ಲ. ಯಾರ ಮುಲಾಜೂ ಇಲ್ಲದೆ ಬರೆಯಬಹುದು.