ಬಚ್ಚಲ ಹಿಂದಿನ ಹಕ್ಕಿಗಳು

ಎಲ್ಲರಿಗೂ ನಮಸ್ಕಾರ.

ಹಕ್ಕಿ ಫೋಟೋ ಅಂದ ಕೂಡಲೇ ನಮ್ಮಲ್ಲಿ ಹಲವರು ದಾಂಡೇಲಿಗೆ ಹೊರಡುತ್ತಾರೆ. ಹೋಗಿ, ಮಂಗಟ್ಟೆ ನೋಡಲೇಬೇಕು. ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೆ, ಸೋಂದಾದ ಮುಂಡಿಗೆಕೆರೆಗೂ ಹೋಗಿ. ಆದರೆ ಶಿರಸಿ ಸುತ್ತಮುತ್ತ ಮನೆಯಿರುವವರಲ್ಲಿ ನನ್ನದೊಂದು ಕೋರಿಕೆ. ಮೊದಲು ನಿಮ್ಮ ಬಚ್ಚಲ ಹಿಂದೆ ಒಂದು ತಿಂಗಳು ಕೂತು ನೋಡಿ.

ಬಚ್ಚಲ ನೀರು ಹರಿಯುವ ಜಾಗ ಗೊತ್ತಲ್ವಾ? ಎರಡು ಬಾಳೆ, ಒಂದಿಷ್ಟು ಕೆಸು, ಪಕ್ಕದಲ್ಲಿ ದಾಸವಾಳ. ನೆಲ ಯಾವಾಗಲೂ ಒದ್ದೆ, ಹುಳ ಜಾಸ್ತಿ. ಹುಳಕ್ಕೆ ಮಡಿವಾಳ ಹಕ್ಕಿ ಬರುತ್ತದೆ, ಬಾಳೆ ಹೂವಿಗೆ ಸೂರಕ್ಕಿ ಬರುತ್ತದೆ. ಚಳಿಗಾಲದಲ್ಲಿ ಉತ್ತರದಿಂದ ಬಂದ ನವರಂಗ ಹಕ್ಕಿ ದರಕು, ಅಂದರೆ ಉದುರಿದ ಒಣ ಎಲೆ, ಮಗುಚಿ ಹಾಕುತ್ತ ಅಲ್ಲೇ ಓಡಾಡುತ್ತದೆ.

ಮೊದಲ ವರ್ಷ ನಾನು ಕ್ಯಾಮೆರಾ ಹಿಡಿದು ಹಕ್ಕಿಯ ಬೆನ್ನು ಹತ್ತುತ್ತಿದ್ದೆ. ಒಂದೂ ಸಿಗಲಿಲ್ಲ. ಆಯಿ ಪಾತ್ರೆ ತೊಳೆಯುತ್ತ, ‘ತಮಾ, ಸುಮ್ನೆ ಕೂತ್ಕ, ಅದೇ ಬತ್ತು’ ಅಂದಳು. ಅವಳಿಂದ ನಾಲ್ಕು ಮಾರು ದೂರದಲ್ಲಿ ಮಡಿವಾಳ ಹುಳ ಹೆಕ್ಕುತ್ತಿತ್ತು. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕಾಣುವ ಮನುಷ್ಯ ಹಕ್ಕಿಗೆ ರೂಢಿಯಾಗುತ್ತಾನೆ. ಅಂದಿನಿಂದ ನಾನೂ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ ಮಣೆ ಹಾಕಿ ಕೂರುತ್ತೇನೆ. ಬಿಸಿಲು ಬೆನ್ನಿಗಿರಬೇಕು. ಮಣೆ ಯಾಕೆ ಅಂದರೆ, ನೆಲದ ಹಕ್ಕಿಯನ್ನು ನಿಂತು ತೆಗೆದರೆ ಬರೀ ಬೆನ್ನು ಕಾಣುತ್ತದೆ. ಕೂತರೆ ಅದರ ಕಣ್ಣು ಸಿಗುತ್ತದೆ.

ಸೂರಕ್ಕಿಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮಲ್ಲಿ ಬೆನ್ನು ಕಡುಗೆಂಪಾಗಿರುವ ಪುಟ್ಟ ಸೂರಕ್ಕಿಯೊಂದಿದೆ. ಅದು ಪಶ್ಚಿಮ ಘಟ್ಟದ ಸೀಮೆಯದ್ದೇ ಹಕ್ಕಿ. ಗಂಡಿನ ನೆತ್ತಿ ಹಸಿರಾಗಿ ಮಿಂಚುತ್ತದೆ. ಆ ಹಸಿರು ಗರಿಗೆ ಬಳಿದ ಬಣ್ಣ ಅಲ್ಲ. ಗರಿಯೊಳಗಿನ ಸಣ್ಣ ಸಣ್ಣ ಪದರಗಳಿಗೆ ಬೆಳಕು ಬಡಿದು ಹಾಗೆ ಕಾಣುತ್ತದೆ. ಅದಕ್ಕೇ ಒಂದು ಫೋಟೋದಲ್ಲಿ ತಲೆ ಮಸಿಯ ಹಾಗೆ ಕಪ್ಪು, ಮರುಕ್ಷಣದ ಫೋಟೋದಲ್ಲಿ ಹಸಿರು ದೀಪ. ಹಕ್ಕಿ ತಲೆ ತಿರುಗಿಸುವವರೆಗೆ ಕಾಯಬೇಕು, ಅಷ್ಟೇ. ಬಾಳೆ ಹೂವಿನಲ್ಲಿ ಕೆಂಪು ಎಸಳು ಎದ್ದಿರುವ ಕಡೆಯೇ ಜೇನು ಇರುತ್ತದೆ. ಹಕ್ಕಿ ಅಲ್ಲಿಗೇ ಬರುತ್ತದೆ. ಮೊದಲೇ ಅಲ್ಲಿಗೆ ಫೋಕಸ್ ಮಾಡಿಟ್ಟುಕೊಳ್ಳಿ. ಶಟರ್ ವೇಗ ಸೆಕೆಂಡಿನ 1/1600ಕ್ಕಿಂತ ನಿಧಾನ ಬೇಡ. ಹಿಂದೆ ದೂರದಲ್ಲಿ ಅಡಿಕೆ ತೋಟದ ನೆರಳಿದ್ದರೆ ಬೇರೆ ಪರದೆ ಯಾಕೆ ಬೇಕು?

ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಸಂಜೆ ರಾಜಹಕ್ಕಿ ಮೀಯಲು ಬಂದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧಕ್ಕೆ ತನ್ನಿ. ಇಲ್ಲದಿದ್ದರೆ ಆ ಬಿಳಿ ಬಾಲದಲ್ಲಿ ಒಂದು ಎಳೆಯೂ ಕಾಣುವುದಿಲ್ಲ. ಮಳೆಗಾಲದಲ್ಲಿ ಲೆನ್ಸನ್ನು ಚೀಲದಲ್ಲಿ ಬಿಡಬೇಡಿ. ನಮ್ಮ ಊರಿನ ಥಂಡಿಗೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ.

ಇನ್ನು ಗೂಡಿನ ಮಾತು. ಇದನ್ನು ಹೇಳಲಿಕ್ಕೇ ನಾನು ಇವತ್ತು ಬಂದಿದ್ದು. ಒಂದು ವರ್ಷ ದಾಸವಾಳದಲ್ಲಿ ಪಿಕಳಾರ ಗೂಡು ಕಟ್ಟಿತು. ಎರಡು ಮರಿ. ಮರಿಗಳ ಬಾಯಿ ಫೋಟೋದಲ್ಲಿ ಸರಿಯಾಗಿ ಬರಲಿ ಅಂತ ಅಡ್ಡ ಇದ್ದ ಎಲೆ ಕಿತ್ತೆ. ಎರಡೇ ಎಲೆ. ಫೋಟೋ ಬಹಳ ಚೆನ್ನಾಗಿ ಬಂತು. ಮಾರನೇ ದಿನ ಬೆಳಿಗ್ಗೆ ಅದೇ ಗಿಡದಿಂದ ಕೆಂಬೂತ ಇಳಿದು ಹೋಯಿತು. ಗೂಡಿನಲ್ಲಿ ಏನೂ ಇರಲಿಲ್ಲ. ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದು ಮಧ್ಯಾಹ್ನದವರೆಗೂ ಆ ಗಿಡಕ್ಕೆ ಬಂದು ಹೋಗಿ ಮಾಡಿತು. ಕೆಂಬೂತದ ತಪ್ಪಲ್ಲ, ಅದರ ಊಟ ಅದು. ಬಾಗಿಲು ತೆಗೆದವನು ನಾನು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ‘ಬೇಟೆ’ ಅನ್ನುವುದರಲ್ಲೇ ಬರುತ್ತದೆ. ಆಗ ನನಗೆ ಅದು ತಿಳಿದಿರಲಿಲ್ಲ. ತಿಳಿದ ಮೇಲೆ ಆ ಫೋಟೋವನ್ನು ಯಾರಿಗೂ ತೋರಿಸಿಲ್ಲ. ಇವತ್ತೂ ತೋರಿಸುವುದಿಲ್ಲ.

ದೀಪ ಆರಿಸಿ. ಮೊದಲ ಚಿತ್ರ ಮೂರು ವರ್ಷದ ನಂತರದ್ದು, ಅದೇ ದಾಸವಾಳ. ಚಿತ್ರದ ಮುಕ್ಕಾಲು ಭಾಗ ಎಲೆಯೇ ಇದೆ. ಎಡಗಡೆ ಸಂದಿಯಲ್ಲಿ ನೋಡಿ, ಕೆನ್ನೆಯ ಕೆಂಪು ಕಲೆ, ಒಂದು ಕಣ್ಣು. ಕಾವು ಕೂತಿದೆ.