ಕ್ಯಾರೆಟ್ ಸೀಳಿದ ಚಾಕು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ದೋಸೆ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಅದೂ ಚಾಕು ಮಾಡೋದರ ಬಗ್ಗೆ ಕೇಳೋಕೆ. ಸಂತೋಷ.

ಮೇಜಿನ ಮೇಲೆ ಎರಡು ಚಾಕು ಇಟ್ಟಿದ್ದೇನೆ. ಎಡಗಡೆಯದು ನಾನು ಮಾಡಿದ ಮೊದಲನೇ ಚಾಕು. ನಾಲ್ಕು ತಿಂಗಳ ಶನಿವಾರ, ಭಾನುವಾರಗಳನ್ನು ಅದು ತಿಂದಿದೆ. ಬೀಟೆ ಮರದ ಹಿಡಿ, ಹಿತ್ತಾಳೆ ಪಿನ್ನು, ಮುಖ ಕಾಣುವಂಥ ಪಾಲಿಶ್. ಬಲಗಡೆಯದು ನಮ್ಮಮ್ಮನದು. ಕಾರ್ಖಾನೆಯಲ್ಲಿ ಕಬ್ಬಿಣದ ಸಲಾಕೆ ಕೊಯ್ಯುವ ಪವರ್ ಹ್ಯಾಕ್ಸಾ ಇರುತ್ತಲ್ಲ, ಅದರ ಹಳೇ ಬ್ಲೇಡು. ಅಪ್ಪ ಕೆಲಸ ಮಾಡುತ್ತಿದ್ದ ಲೇತ್ ಶಾಪಿನಲ್ಲಿ ಯಾರೋ ಹಲ್ಲು ಉಜ್ಜಿ ತೆಗೆದು, ಸಾಣೆ ಹಿಡಿದು ಕೊಟ್ಟಿದ್ದರು. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ. ನಮ್ಮ ರಾಜಾಜಿನಗರ, ಕಾಮಾಕ್ಷಿಪಾಳ್ಯದ ಕಡೆ ಇಂಥ ಚಾಕು ಎಷ್ಟು ಮನೆಗಳಲ್ಲಿತ್ತೋ ಲೆಕ್ಕವಿಲ್ಲ.

ನನ್ನ ಚಾಕು ಮುಗಿದ ದಿನ ಅಡುಗೆಮನೆಗೆ ಓಡಿದೆ. ಪೇಪರ್ ಕೊಯ್ದು ತೋರಿಸಿದೆ. ಕೈಮೇಲಿನ ಕೂದಲು ಬೋಳಿಸಿ ತೋರಿಸಿದೆ. ಅಮ್ಮ ಏನೂ ಮಾತಾಡಲಿಲ್ಲ. ಹುಳಿಗೆ ಇಟ್ಟುಕೊಂಡಿದ್ದ ಕ್ಯಾರೆಟ್ ತೆಗೆದುಕೊಂಡು, ಅದರ ಮೇಲೆ ಚಾಕು ಇಟ್ಟು ಒತ್ತಿದರು. ಟಕ್ ಅಂತ ಸದ್ದು. ಕ್ಯಾರೆಟ್ಟನ್ನು ಅದು ಕೊಯ್ಯಲಿಲ್ಲ, ಸೌದೆ ಸೀಳಿದ ಹಾಗೆ ಸೀಳಿತು. ಒಂದು ತುಂಡು ಹಾರಿ ಸಿಲಿಂಡರ್ ಹಿಂದೆ ಹೋಯಿತು.

"ಚಾಕು ಅಲ್ಲ ಕಣೋ ಇದು, ಮಚ್ಚು. ಎಳನೀರಿನವನಿಗೆ ಕೊಡು," ಅಂದರು. ಆಮೇಲೆ ಟ್ಯೂಬ್ ಸುತ್ತಿದ ಚಾಕು ತೆಗೆದುಕೊಂಡು ಹೆಚ್ಚೋಕೆ ಶುರು ಮಾಡಿದರು.

ತಪ್ಪು ಎಲ್ಲಾಯಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಅಂಚು ಹರಿತವಾಗಿಯೇ ಇತ್ತು. ಆದರೆ ಅಂಚಿನ ಹಿಂದೆ ಏನಿದೆ ಅಂತ ನಾನು ನೋಡಿರಲಿಲ್ಲ. ನನ್ನ ಚಾಕುವಿನ ಬೆನ್ನು 4 ಮಿಲಿಮೀಟರ್ ದಪ್ಪ. ಅಂಚಿನ ಹತ್ತಿರ ಬಂದರೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಉಳಿದಿತ್ತು. ಅಮ್ಮನ ಚಾಕುವಿಗೆ ಬೆನ್ನೇ ಎರಡು ಮಿಲಿಮೀಟರ್. ಅಂಚು ತರಕಾರಿಯ ಒಳಗೆ ಹೋಗಲು ದಾರಿ ಮಾಡುತ್ತೆ ಅಷ್ಟೆ, ಆ ದಾರಿಯಲ್ಲಿ ಇಡೀ ಚಾಕು ನುಗ್ಗಬೇಕಲ್ವಾ? ದಪ್ಪಗಿದ್ದರೆ ಅದು ಸೌದೆಗೆ ಬೆಣೆ ಬಡಿದ ಹಾಗೆ. ಟೊಮೆಟೊ ಮೆತ್ತಗಿದೆ, ಜಾಗ ಬಿಡುತ್ತೆ. ಕ್ಯಾರೆಟ್ ಬಿಡಲ್ಲ. ಅದಕ್ಕೇ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳೋದು ಒಂದೇ: ತೆಳ್ಳಗೆ ಮಾಡಿ. ಸಿನಿಮಾ ನೋಡಿ ಕತ್ತಿ ಮಾಡೋಕೆ ಹೊರಡಬೇಡಿ.

ಮೊದಲು ಉಕ್ಕು. ಕನ್ನಡದವರಾಗಿ ನಾವು ಈ ಪದವನ್ನು ಸ್ವಲ್ಪ ಜಂಬದಿಂದಲೇ ಹೇಳಬಹುದು. ದಕ್ಷಿಣ ಭಾರತದ ಹಳೇ ಕಾಲದ ಉಕ್ಕನ್ನು ಯುರೋಪಿನವರು 'ವೂಟ್ಸ್' ಅಂತ ಕರೆದದ್ದು ನಮ್ಮ 'ಉಕ್ಕು' ಪದವನ್ನೇ ತಿರುಚಿ ಅಂತ ಹೇಳುತ್ತಾರೆ. ಈ ವೂಟ್ಸ್ ಮೇಲೆ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ್ದಾರೆ. ಮುಂದೆ ಮೈಕೇಲ್ ಫ್ಯಾರಡೆ ಕೂಡ ಅದರ ಗುಟ್ಟು ಹುಡುಕಲು ಕೂತಿದ್ದ. ಅದು ಸರಿ. ಆದರೆ ಆ ಜಂಬ ಇಟ್ಟುಕೊಂಡು ಗುಜರಿ ಅಂಗಡಿಗೆ ಹೋದರೆ ನನಗಾದದ್ದೇ ನಿಮಗೂ ಆಗುತ್ತೆ.

"ಒಳ್ಳೇ ಗಟ್ಟಿ ಸ್ಟೀಲು ಸಾರ್, ಮಷೀನಿಂದು," ಅಂತ ಒಬ್ಬರು ಒಂದು ಪಟ್ಟಿ ಕೊಟ್ಟರು. ತೂಕಕ್ಕೆ ಹಾಕಿ ಕೊಟ್ಟಿದ್ದು, ದುಡ್ಡೇನೂ ಜಾಸ್ತಿ ಇಲ್ಲ. ಎರಡು ವಾರ ಉಜ್ಜಿದೆ. ಕಾಯಿಸಿ ಎಣ್ಣೆಗೆ ಅದ್ದಿದೆ. ಬೆಣ್ಣೆಯ ಹಾಗೆ ಬಾಗಿತು. ಅದು ಕಿಟಕಿ ಸರಳಿಗೆ ಹಾಕುವ ಮಾಮೂಲಿ ಎಂಎಸ್, ಅಂದರೆ ಮೈಲ್ಡ್ ಸ್ಟೀಲ್. ಅದರಲ್ಲಿ ಇಂಗಾಲ ತುಂಬಾ ಕಡಿಮೆ. ಚಾಕು ಗಟ್ಟಿಯಾಗಲು ಇಂಗಾಲ ಬೇಕು. ಇಲ್ಲದಿದ್ದರೆ ಎಷ್ಟು ಕಾಯಿಸಿ ಅದ್ದಿದರೂ ಅಷ್ಟೆ.

ಗುಜರಿಯಲ್ಲೇ ತರುತ್ತೇನೆ ಅನ್ನುವ ಹಟವಿದ್ದರೆ, ತಂದ ತುಂಡನ್ನು ಗ್ರೈಂಡರಿಗೆ ಮುಟ್ಟಿಸಿ ಕಿಡಿ ನೋಡಿ. ಎಂಎಸ್ ಆದರೆ ಉದ್ದುದ್ದ ಗೆರೆಯ ಹಾಗೆ ಹೋಗುತ್ತೆ. ಇಂಗಾಲ ಜಾಸ್ತಿ ಇದ್ದರೆ ಸುರುಸುರು ಬತ್ತಿಯ ಹಾಗೆ ಕವಲು ಒಡೆದು ಚಟಪಟ ಅನ್ನುತ್ತೆ. ಲಾರಿ ಸ್ಪ್ರಿಂಗಿನ ಪಟ್ಟಿ ಒಳ್ಳೆಯದೇ, ಆದರೆ ದಪ್ಪ. ಹಳೇದರಲ್ಲಿ ಕಣ್ಣಿಗೆ ಕಾಣದ ಬಿರುಕೂ ಇರಬಹುದು. ನನ್ನ ಮಾತು ಕೇಳೋದಾದರೆ, ಸಿ75 ಅನ್ನುವ ಉಕ್ಕಿನ ಹೊಸ ಪಟ್ಟಿ ತನ್ನಿ, 2 ಮಿಲಿಮೀಟರಿನದು. ಅದರಲ್ಲಿ ಇಂಗಾಲ ಶೇಕಡ 0.75ರ ಆಸುಪಾಸು. ಬೇರೆ ಮಸಾಲೆ ಏನೂ ಜಾಸ್ತಿ ಇಲ್ಲದ ಸೀದಾ ಸ್ವಭಾವದ ಉಕ್ಕು. ಕಲಿಯುವವರ ತಪ್ಪನ್ನು ಸಹಿಸಿಕೊಳ್ಳುತ್ತೆ.

ಆಕಾರಕ್ಕೆ ರಟ್ಟಿನಲ್ಲಿ ಮಾದರಿ ಕತ್ತರಿಸಿಕೊಳ್ಳಿ, ಅದನ್ನು ಕೈಯಲ್ಲಿ ಹಿಡಿದು ಸುಮ್ನೆ ಹೆಚ್ಚುವ ಹಾಗೆ ಆಡಿಸಿ ನೋಡಿ. ಸಾಕು. ಸುತ್ತಿಗೆ, ಕುಲುಮೆ ಯಾವುದೂ ಮೊದಲ ಚಾಕುವಿನ ಆಕಾರಕ್ಕೆ ಬೇಡ. ಪಟ್ಟಿಯಿಂದ ಬೇಡದ್ದನ್ನು ತೆಗೆದುಹಾಕಿದರೆ ಆಯಿತು. ನಾನು ಎರಡನೇ ಮಹಡಿಯ ಬಾಲ್ಕನಿಯಲ್ಲಿ, ಒಂದು ವೈಸು, ಒಂದು ಹ್ಯಾಕ್ಸಾ, ಎರಡು ಅರ, ಅಂದರೆ ಫೈಲು, ಇಟ್ಟುಕೊಂಡು ಮಾಡಿದವನು.

ಅರ ಹಿಡಿಯೋದು ಹೇಗೆ ಅಂತ ಮಾತ್ರ ತೋರಿಸಿಯೇ ಮುಂದೆ ಹೋಗುತ್ತೇನೆ. ಅಂಚು ಬರಬೇಕಾದ ಕಡೆಗೆ ಮಾರ್ಕರಿನಿಂದ ಕಪ್ಪು ಬಳಿಯಿರಿ. ಪಟ್ಟಿಯಷ್ಟೇ ದಪ್ಪದ ಡ್ರಿಲ್ ಬಿಟ್ ತೆಗೆದುಕೊಂಡು, ಎರಡನ್ನೂ ಸಮತಟ್ಟಾದ ಗಾಜಿನ ಮೇಲೆ ಇಟ್ಟು, ಬಿಟ್ಟಿನ ಮೊನೆಯಿಂದ ಅಂಚಿನುದ್ದಕ್ಕೂ ಗೀರಿ. ಸರಿಯಾಗಿ ನಡುಮಧ್ಯೆ ಗೆರೆ ಬೀಳುತ್ತೆ. ಎರಡೂ ಕಡೆಯಿಂದ ಆ ಗೆರೆಯ ಕಡೆಗೆ ಸಮನಾಗಿ ಉಜ್ಜಬೇಕು, ಗೆರೆ ನಡುವೆ ಇರುವ ಹಾಗೆ ಸುಮಾರು ಒಂದು ಮಿಲಿಮೀಟರ್ ಬಿಟ್ಟು. ಅರದ ಹಲ್ಲು ಮುಂದಕ್ಕೆ ಕಚ್ಚುತ್ತೆ. ಮುಂದಕ್ಕೆ ಹೋಗುವಾಗ ಒತ್ತಿ, ಹಿಂದಕ್ಕೆ ಎಳೆಯುವಾಗ ಎತ್ತಿ. ಹಿಂದೆಮುಂದೆ ಗರಗಸದ ಹಾಗೆ ಆಡಿಸಿದರೆ ಹೊಸ ಅರ ಒಂದೇ ವಾರಕ್ಕೆ ಮೊಂಡು. ಹಲ್ಲಿನ ಸಂದಿಗೆ ಸೀಮೆಸುಣ್ಣ ಬಳಿದಿದ್ದರೆ ಪುಡಿ ಕಚ್ಚಿಕೊಳ್ಳುವುದಿಲ್ಲ. ಕೆಲಸ ಸರಿಯಾಗಿದ್ದಾಗ ಸದ್ದೇ ಬೇರೆ, ತೆಂಗಿನಕಾಯಿ ತುರಿದ ಹಾಗೆ ಒಂದೇ ಸಮ ಬರುತ್ತೆ. ಕಿರ್ರ್ ಅಂದರೆ ಅರ ಜಾರುತ್ತಿದೆ ಅಂತ ಅರ್ಥ. ಪಕ್ಕದ ಮನೆಯವರಿಗೆ ಎರಡೂ ಸದ್ದು ಒಂದೇ, ಅದು ಬೇರೆ ವಿಷಯ.

ಹಿಡಿಯ ಪಿನ್ನಿಗೆ ತೂತು ಈಗಲೇ ಕೊರೆಯಿರಿ. ಕಾಯಿಸಿ, ಅದ್ದಿ ಹದ ಹಾಕಿದ ಮೇಲೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ ಅಷ್ಟೆ. ಇದು ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಕೊರೆಯುವಾಗ ಪಟ್ಟಿಯನ್ನು ಕೈಯಲ್ಲಿ ಹಿಡಿಯಬೇಡಿ, ಕ್ಲ್ಯಾಂಪ್ ಹಾಕಿ. ಬಿಟ್ ಕಚ್ಚಿಕೊಂಡರೆ ಪಟ್ಟಿ ಫ್ಯಾನಿನ ರೆಕ್ಕೆಯ ಹಾಗೆ ತಿರುಗುತ್ತೆ.

ಇನ್ನು ಹದ. ಪಾಕಕ್ಕೂ ಹದ, ಮಣ್ಣಿಗೂ ಹದ, ಉಕ್ಕಿಗೂ ಹದ. ನಮ್ಮ ಕಮ್ಮಾರರ ಬಾಯಲ್ಲಿ ಈ ಒಂದೇ ಮಾತು. ಆದರೆ ಅದರೊಳಗೆ ಎರಡು ಕೆಲಸ ಇದೆ. ಒಂದು, ಗಟ್ಟಿ ಮಾಡೋದು. ಇನ್ನೊಂದು, ಆ ಗಟ್ಟಿತನವನ್ನು ಸ್ವಲ್ಪ ಇಳಿಸೋದು.

ಉಕ್ಕು ಕೆಂಪಾಗುತ್ತಾ ಹೋದ ಹಾಗೆ ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿಗೆ ಅಯಸ್ಕಾಂತ ಅದನ್ನು ಎಳೆಯುವುದನ್ನು ಬಿಡುತ್ತೆ. ಅಲ್ಲಿಂದ ಒಂದು ಚೂರು ಮೇಲಕ್ಕೆ, 800 ದಾಟಿದ ಮೇಲೆ, ತೆಗೆದು ಎಣ್ಣೆಗೆ ಅದ್ದಬೇಕು. ಬಿಸಿಲಲ್ಲಿ ಆ ಕೆಂಪು ಗೊತ್ತಾಗಲ್ಲ, ನೆರಳಲ್ಲಿ ಮಾಡಿ. ಇನ್ನೂ ಕಾಯಲಿ ಅಂತ ಬಿಟ್ಟರೆ ಉಕ್ಕಿನ ಒಳಗಿನ ಕಾಳು ದಪ್ಪವಾಗಿ ಪೆಡಸಾಗುತ್ತೆ. ಯುರೋಪಿನ ಕಮ್ಮಾರರು ವೂಟ್ಸ್ ಕೈಯಲ್ಲಿ ಸೋತದ್ದೂ ಶಾಖದಲ್ಲೇ. ತಮ್ಮ ಕಬ್ಬಿಣವನ್ನು ಕಾಯಿಸಿದಷ್ಟೇ ಇದನ್ನೂ ಕಾಯಿಸಿ ಬಡಿದರೆ ಪುಡಿಪುಡಿಯಾಗುತ್ತಿತ್ತು. ಅದರಲ್ಲಿ ಇಂಗಾಲ ಅಷ್ಟು ಜಾಸ್ತಿ.

ಎಣ್ಣೆಗೆ ನಾನು ಕಡಲೆಕಾಯಿ ಎಣ್ಣೆ ಬಳಸಿದೆ, ಸುಮಾರು 50 ಡಿಗ್ರಿಗೆ ಬೆಚ್ಚಗೆ ಮಾಡಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಶಾಖ ಎಳೆಯುತ್ತೆ. ಮೊನೆ ಕೆಳಗೆ ಮಾಡಿ ನೇರ ಇಳಿಸಿ. ಅಡ್ಡಡ್ಡ ಆಡಿಸಿದರೆ ಸೊಟ್ಟ ಆಗುತ್ತೆ. ಎಣ್ಣೆಗೆ ಬೆಂಕಿ ಹತ್ತಬಹುದು, ಹತ್ತೇ ಹತ್ತುತ್ತೆ ಅಂದುಕೊಂಡೇ ಮಾಡಿ. ಲೋಹದ ಡಬ್ಬ, ಅದಕ್ಕೆ ಲೋಹದ ಮುಚ್ಚಳ ಪಕ್ಕದಲ್ಲೇ ಇರಲಿ. ನೀರು ಮಾತ್ರ ಹಾಕಬಾರದು. ಅಪಾರ್ಟ್‌ಮೆಂಟಿನ ಬಾಲ್ಕನಿ ಇದಕ್ಕೆ ಜಾಗವಲ್ಲ. ನಾನು ಮಾಗಡಿ ಹತ್ತಿರ ಅಜ್ಜಿಯ ಊರಿನ ಹಿತ್ತಲಿನಲ್ಲಿ ಮಾಡಿದೆ. ಇದೆಲ್ಲ ಬೇಡ ಅನ್ನುವವರಿಗೆ ಪೀಣ್ಯದ ಕಡೆ ಹೀಟ್ ಟ್ರೀಟ್‌ಮೆಂಟ್ ಶಾಪುಗಳಿವೆ, ಒಂದೆರಡು ಪೀಸ್ ತೆಗೆದುಕೊಳ್ಳುತ್ತಾರಾ ಕೇಳಿ ನೋಡಬಹುದು. ಅದರಲ್ಲಿ ಅವಮಾನ ಏನಿಲ್ಲ.

ತಣ್ಣಗಾದ ಮೇಲೆ ಅರ ಉಜ್ಜಿ ನೋಡಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಟ್ಟಿಯಾಗಿದೆ. ಆದರೆ ಈಗ ಅದು ಗಾಜೇ. ಕೆಳಗೆ ಬಿದ್ದರೆ ಎರಡು ತುಂಡು. ಆ ಗಟ್ಟಿತನ ಸ್ವಲ್ಪ ಇಳಿಸಲು ಅದೇ ದಿನ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ, ತಣ್ಣಗೆ ಮಾಡಿ ಮತ್ತೆ ಎರಡು ಗಂಟೆ. ಕೇಕ್ ಮಾಡುವ ಓಟಿಜಿ ಸಾಕು. ಎಣ್ಣೆ ಚೆನ್ನಾಗಿ ತೊಳೆದು ಇಡಿ, ಇಲ್ಲದಿದ್ದರೆ ಮುಂದಿನ ಕೇಕಿಗೆ ಕಡಲೆಕಾಯಿ ವಾಸನೆ, ಮನೆಯಲ್ಲಿ ಬೈಗುಳ. ಹೊರಗೆ ಬಂದಾಗ ಒಣಹುಲ್ಲಿನ ಬಣ್ಣ ಇರುತ್ತೆ.

ನಾನು ಮೋಸಹೋದದ್ದು ಇಲ್ಲಿ. ಹದಕ್ಕೆ ಮುಂಚೆ ಅಂಚನ್ನು ಪೂರ್ತಿ ತೆಳು ಮಾಡಬಾರದು, ಸೊಟ್ಟಗಾಗುತ್ತೆ, ಬಿರಿಯುತ್ತೆ. ಸುಮಾರು ಒಂದು ಮಿಲಿಮೀಟರ್ ಬಿಡಬೇಕು. ಬಿಟ್ಟೆ. ಆದರೆ ಹದ ಆದ ಮೇಲೆ ಅದನ್ನು ತೆಗೆಯಲು ಕೈಬೆರಳು ನೋವು, ಬೇಜಾರು. ತುದಿಯಲ್ಲಿ ಮಾತ್ರ ಸಾಣೆ ಹಿಡಿದು ಹಿಡಿ ಕೂರಿಸಿಬಿಟ್ಟೆ. ಗಟ್ಟಿಯಾದ ಉಕ್ಕನ್ನು ಎಮರಿ ಪೇಪರಿನಲ್ಲಿ, ಕಲ್ಲಿನಲ್ಲಿ ಉಜ್ಜಿ ಕಾಲು ಮಿಲಿಮೀಟರಿಗೆ ಇಳಿಸೋದೇ ಅರ್ಧ ಕೆಲಸ. ಗ್ರೈಂಡರ್ ಬಳಸಿದರೆ ಬರಿಗೈಯಲ್ಲಿ ಹಿಡಿದು, ಬಿಸಿ ಅನ್ನಿಸಿದ ತಕ್ಷಣ ನೀರಿಗೆ ಅದ್ದಿ. ಅಂಚು ನೀಲಿಯಾಯಿತು ಅಂದರೆ ಅಲ್ಲಿ ಹದ ಹೋಯಿತು.

ಹಿಡಿಗೆ ಹಲಸು, ಬೀಟೆ ಯಾವುದಾದರೂ ಆಗುತ್ತೆ. ಅಂಟಿಸಿ ಒಂದು ಇಡೀ ದಿನ ಬಿಡಿ. ಬೀಟೆ ಉಜ್ಜುವಾಗ ಮಾಸ್ಕ್ ಹಾಕಿ, ಪುಡಿ ಮೂಗಿಗೆ ಒಳ್ಳೆಯದಲ್ಲ.

ಮೊದಲೇ ಯಾರೋ ಕಾನೂನಿನ ಬಗ್ಗೆ ಕೇಳಿದ್ದರು. ಆಯುಧ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬರುತ್ತೆ. ಮನೆ ಬಳಕೆಗೆ, ಬೇಸಾಯಕ್ಕೆ ಮಾಡಿದ್ದನ್ನು ಅದರಿಂದ ಹೊರಗಿಟ್ಟಿದ್ದಾರೆ. ಐದಾರು ಇಂಚಿನ ಅಡುಗೆ ಚಾಕು ಮಾಡಿ, ಅಡುಗೆಮನೆಯಲ್ಲೇ ಇಡಿ. ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ರೋ ಹತ್ತಬೇಡಿ.

ಇದಾದ ಮೇಲೆ ನಾನು ಮಾಡಿದ ಎರಡನೇ ಚಾಕು ಇಲ್ಲಿ ತಂದಿಲ್ಲ. ಅದನ್ನು ಅಮ್ಮ ಕೊಡಲ್ಲ ಅಂದರು, ಇವತ್ತು ಭಾನುವಾರ, ಮಧ್ಯಾಹ್ನ ನೆಂಟರು ಬರುತ್ತಾರಂತೆ. ಈ ಚೀಲದಲ್ಲಿ ಎರಡು ಕೆಜಿ ಕ್ಯಾರೆಟ್ ಇದೆ. ಎರಡೆರಡು ಜನ ಮುಂದೆ ಬನ್ನಿ, ಮೇಜಿನ ಮೇಲಿರುವ ಎರಡೂ ಚಾಕುವಿನಲ್ಲಿ ಕೊಯ್ದು ನೋಡಿ. ಮುಂದಿನ ಸಾಲಿನಲ್ಲಿ ಕೂತವರು ಸ್ವಲ್ಪ ಹಿಂದೆ ಸರಿಯಿರಿ, ತುಂಡು ಹಾರುತ್ತೆ.